ತೇವಾಂಶ: ಋಣಭಾರ ಪ್ರಮಾಣಪತ್ರದಲ್ಲಿ ಕಾಣದ ಋಣಭಾರ

ಸ್ಥಿರಾಸ್ತಿಯನ್ನು ಕೊಳ್ಳುವಾಗ ನಮ್ಮವರು ವಹಿಸುವ ಎಚ್ಚರಿಕೆಯೆಲ್ಲ ಸಾಮಾನ್ಯವಾಗಿ ಕಾಗದಪತ್ರಗಳಿಗೆ ಸಂಬಂಧಿಸಿದ್ದು. ಮೂಲಪತ್ರ, ಖಾತೆ, ತೆರಿಗೆ ರಸೀದಿ, ಕಟ್ಟಡ ಪರವಾನಿಗೆ, ಮೂವತ್ತು ವರ್ಷಗಳ ಋಣಭಾರ ಪ್ರಮಾಣಪತ್ರ ಇವುಗಳನ್ನು ವಕೀಲರ ಮುಂದಿಟ್ಟು ಅವರ ಅಭಿಪ್ರಾಯ ಪಡೆಯದೆ ಯಾರೂ ಮುಂಗಡ ಕೊಡುವುದಿಲ್ಲ. ಇದು ಯುಕ್ತವೇ ಸರಿ. ಆದರೆ ಉಪನೋಂದಣಾಧಿಕಾರಿಯವರ ಕಚೇರಿಯಲ್ಲಿ ಎಷ್ಟು ಹುಡುಕಿದರೂ ದೊರೆಯದ ಒಂದು ಋಣಭಾರವು ಕರಾವಳಿ ಮತ್ತು ಮಲೆನಾಡಿನ ಅನೇಕ ಮನೆಗಳ ಮೇಲಿದೆ. ಅದು ನೆಲದಡಿಯಿಂದ, ಮಾಡಿನಿಂದ ಅಥವಾ ಕೊಳವೆಯಿಂದ ಗೋಡೆಯೊಳಗೆ ಸೇರಿ ಕುಳಿತಿರುವ ತೇವ ಮತ್ತು ಅದನ್ನು ಆಶ್ರಯಿಸಿ ಬೆಳೆಯುವ ಬೂಷ್ಟು.

ಒಂದು ವ್ಯವಹಾರ ಸಂಸ್ಥೆಯನ್ನು ಕೊಳ್ಳುವವರು ಅದರ ಆಸ್ತಿ-ಹೊಣೆ ಪಟ್ಟಿಯಲ್ಲಿ ಬರೆಯದೆ ಉಳಿದ ಹೊಣೆಗಳೇನಾದರೂ ಇವೆಯೇ ಎಂದು ಶೋಧಿಸುತ್ತಾರೆ. ಶೋಧನೆಯಲ್ಲಿ ಸಿಕ್ಕಿದ್ದನ್ನು ಬೆಲೆಯಿಂದ ಕಳೆಯುತ್ತಾರೆ. ಮನೆ ಕೊಳ್ಳುವವರು ಮಾತ್ರ ಈ ಶೋಧನೆಯನ್ನು ಮಾಡುವುದಿಲ್ಲ. ಜೀವಮಾನದ ಉಳಿತಾಯವನ್ನೂ ಇಪ್ಪತ್ತು ವರ್ಷದ ಸಾಲವನ್ನೂ ತೊಡಗಿಸುವ ವ್ಯವಹಾರದಲ್ಲಿ ಅರ್ಧ ಗಂಟೆಯ ಸುತ್ತಾಟವೇ ಪರಿಶೀಲನೆ ಎನಿಸಿಕೊಳ್ಳುತ್ತದೆ. ತೇವಕ್ಕೆ ಬೆಲೆ ಕಟ್ಟಬೇಕಾದುದು ಕರಾರಿಗೆ ಸಹಿ ಹಾಕುವ ಮೊದಲು. ನಂತರ ಕಾನೂನು, ಬ್ಯಾಂಕು, ವಿಮೆ, ಆದಾಯ ತೆರಿಗೆ ಈ ನಾಲ್ಕರಲ್ಲಿ ಯಾವುದರಿಂದಲೂ ಹೇಳಿಕೊಳ್ಳುವಂಥ ನೆರವು ಸಿಗುವುದಿಲ್ಲ. ಅದು ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮನೆ ನೋಡುವ ಕಾಲ

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಮನೆಗಳ ಖರೀದಿ ಮಾತುಕತೆ ನಡೆಯುವುದಾದರೋ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಆಗ ಅಂಗಳ ಒಣಗಿರುತ್ತದೆ, ಗೋಡೆಗೆ ಹೊಸ ಬಣ್ಣ ಬಳಿದಿರುತ್ತದೆ, ಕಿಟಕಿಯಿಂದ ಗಾಳಿ ಬೀಸುತ್ತಿರುತ್ತದೆ. ಆಟಿ ತಿಂಗಳಲ್ಲಿ ಶುಭಕಾರ್ಯ ಮಾಡಬಾರದೆಂಬ ಸಂಪ್ರದಾಯದಿಂದಾಗಿ ಮನೆಯ ನಿಜಸ್ವರೂಪ ಕಾಣುವ ಜುಲೈ-ಆಗಸ್ಟ್‌ನಲ್ಲಿ ನೋಡಲು ಹೋಗುವವರೇ ಇಲ್ಲ. ಸಂಪ್ರದಾಯಕ್ಕೆ ನನ್ನ ಆಕ್ಷೇಪವಿಲ್ಲ. ಕರಾರಿಗೆ ಮುಹೂರ್ತ ಬೇಕು, ನಿಜ. ಗೋಡೆ ಮುಟ್ಟಿ ನೋಡಲು ಮುಹೂರ್ತ ಬೇಡವಷ್ಟೆ! ಬೇಸಿಗೆಯಲ್ಲಿ ಮೆಚ್ಚಿದ ಮನೆಗೆ ಮಳೆಗಾಲದಲ್ಲಿ ಇನ್ನೊಮ್ಮೆ ಹೋಗಿ ಬಂದು, ನವರಾತ್ರಿಯ ನಂತರ ಕ್ರಯಪತ್ರ ಮಾಡಿಕೊಳ್ಳಲು ಸಾಧ್ಯವಾದರೆ ಅದಕ್ಕಿಂತ ಉತ್ತಮ ಪರಿಶೀಲನೆ ಬೇರೊಂದಿಲ್ಲ.

ಹಾಗೆ ಕಾಯಲು ಎಲ್ಲರಿಗೂ ಸಾಧ್ಯವಾಗದು. ಬೇಸಿಗೆಯಲ್ಲಿಯೇ ಕೊಳ್ಳಬೇಕಾದವರು ತೇವದ ಮೂಲಗಳನ್ನೂ ಅವು ಬಿಟ್ಟುಹೋಗುವ ಗುರುತುಗಳನ್ನೂ ತಿಳಿದಿರಬೇಕು.

ನಾಲ್ಕು ಬಗೆಯ ತೇವ

ಮೊದಲನೆಯದು ನೆಲದಿಂದ ಮೇಲೇರುವ ತೇವ. ನಮ್ಮ ಕೆಂಪುಕಲ್ಲು ಸೂಕ್ಷ್ಮ ರಂಧ್ರಗಳಿಂದ ಕೂಡಿದ್ದು. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಅದು ಪಂಚಾಂಗದ ಕೆಳಗಿನ ನೀರನ್ನು ಹೀರಿಕೊಳ್ಳುತ್ತದೆ. ಪಂಚಾಂಗದ ಮಟ್ಟದಲ್ಲಿ ತೇವ ತಡೆಯುವ ಪದರವನ್ನು ಹಾಕದಿದ್ದರೆ, ಅಥವಾ ಅಂಗಳಕ್ಕೆ ಮಣ್ಣು ತುಂಬಿ ಇಂಟರ್‌ಲಾಕ್ ಹಾಸಿದಾಗ ಆ ಪದರವೇ ಹೂತುಹೋದರೆ, ನೀರು ಗೋಡೆಯಲ್ಲಿ ಸುಮಾರು ಮೂರು ಅಡಿಯವರೆಗೆ ಏರುತ್ತದೆ. ನೀರು ಆರಿದ ಮೇಲೆ ಅದರೊಡನೆ ಬಂದ ಲವಣಗಳು ಬಿಳಿಯ ಹುಡಿಯಾಗಿ ಉಳಿದು ಸಾರಣೆಯನ್ನು ಒಳಗಿನಿಂದ ಉದುರಿಸುತ್ತವೆ. ಈ ಬಿಳಿ ಹುಡಿ ಬೇಸಿಗೆಯಲ್ಲಿಯೂ ಇರುತ್ತದೆ. ಬಣ್ಣದ ಗುಳ್ಳೆಯನ್ನು ಉಗುರಿನಿಂದ ಕೆರೆದರೆ ಕಾಣಸಿಗುತ್ತದೆ.

ಹಳೆಯ ಮನೆಗಳ ವಿಷಯದಲ್ಲಿ ಒಂದು ಮಾತು ಇಲ್ಲಿ ಸೇರಿಸಬೇಕು. ಸುಣ್ಣದ ಗಾರೆಯಲ್ಲಿ ಕಟ್ಟಿ ಸುಣ್ಣದಿಂದಲೇ ಸಾರಣೆ ಮಾಡಿದ ಗೋಡೆಗಳು ಹೀರಿದ ನೀರನ್ನು ಬೇಸಿಗೆಯಲ್ಲಿ ಹೊರಗೆ ಬಿಟ್ಟುಕೊಟ್ಟು ಒಣಗುತ್ತಿದ್ದವು. ನಂತರದ ಕಾಲದಲ್ಲಿ ಇವುಗಳ ಮೇಲೆ ದಪ್ಪ ಸಿಮೆಂಟ್ ಸಾರಣೆ ಮಾಡಿ ಪ್ಲಾಸ್ಟಿಕ್ ಬಣ್ಣ ಬಳಿದುದರಿಂದ ನೀರು ಒಳಗೇ ಉಳಿಯುವಂತಾಯಿತು. ನವೀಕರಿಸಿದ ಹಳೆಯ ಮನೆ ಎಂಬ ಜಾಹೀರಾತನ್ನು ಕಂಡಾಗ, ಯಾವ ವಸ್ತುವಿನಿಂದ ನವೀಕರಿಸಿದ್ದು ಎಂದು ಕೇಳುವುದು ಒಳ್ಳೆಯದು.

ಎರಡನೆಯದು ಮಳೆಯಿಂದ ನೇರವಾಗಿ ಬರುವ ತೇವ. ಮುಂಗಾರಿನ ಗಾಳಿ ನೈರುತ್ಯ ಮತ್ತು ಪಶ್ಚಿಮದಿಂದ ಬೀಸುವುದರಿಂದ ಆ ದಿಕ್ಕಿನ ಹೊರಗೋಡೆ, ಕಿಟಕಿಯ ಸಜ್ಜೆ, ತಾರಸಿಯ ಮೂಲೆಗಳಲ್ಲಿ ಕಲೆ ಕಾಣಿಸುತ್ತದೆ. ಇದು ಮಳೆ ಬಂದ ಕೆಲವು ಗಂಟೆಗಳಲ್ಲಿ ಮೂಡಿ ಮಳೆ ನಿಂತ ಮೇಲೆ ಇಳಿಯುತ್ತದೆ. ಮೂರನೆಯದು ಕೊಳವೆಯ ಸೋರಿಕೆ. ಇದಕ್ಕೆ ಋತುಭೇದವಿಲ್ಲ. ಮಾರ್ಚ್ ತಿಂಗಳಲ್ಲಿಯೂ ಹಸಿಯಾಗಿರುವ ಕಲೆ ಕಂಡರೆ ಸಂಶಯಪಡಬೇಕಾದುದು ಸ್ನಾನಗೃಹವನ್ನು ಅಥವಾ ನೀರಿನ ಟ್ಯಾಂಕನ್ನು.

ನಾಲ್ಕನೆಯದು ಗಾಳಿಯದೇ ತೇವ. ಜುಲೈ ತಿಂಗಳಲ್ಲಿ ನಮ್ಮ ಕರಾವಳಿಯ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 85ನ್ನು ಮೀರಿರುತ್ತದೆ. ಒಳಾಂಗಣದ ಆರ್ದ್ರತೆ ಶೇ. 60ಕ್ಕಿಂತ ಕೆಳಗಿರಬೇಕೆಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ. ನಮ್ಮಲ್ಲಿ ಮಳೆಗಾಲದಲ್ಲಿ ಅದು ಕನಸಿನ ಮಾತು. ಆದುದರಿಂದ ಚರ್ಮದ ಚಪ್ಪಲಿ, ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆ, ಪುಸ್ತಕದ ರಟ್ಟು ಇವುಗಳ ಮೇಲೆ ಬೂಷ್ಟು ಬಂದ ಮಾತ್ರಕ್ಕೆ ಮನೆಯೇ ದೋಷಯುಕ್ತವೆಂದು ತೀರ್ಮಾನಿಸಲಾಗದು. ಕರಾವಳಿಯ ಒಳ್ಳೆಯ ಮನೆಯಲ್ಲಿಯೂ ಇದು ಇದ್ದದ್ದೇ. ಗೋಡೆಯ ಒಂದು ನಿರ್ದಿಷ್ಟ ಭಾಗದಲ್ಲಿ ಮಾತ್ರ, ವರ್ಷವರ್ಷವೂ ಅದೇ ಸ್ಥಳದಲ್ಲಿ ಬರುವ ಬೂಷ್ಟು ಮೊದಲ ಮೂರರಲ್ಲಿ ಒಂದರ ಲಕ್ಷಣ. ಈ ಭೇದವನ್ನು ತಿಳಿಯದೆ ಚೌಕಾಸಿಗೆ ಇಳಿಯುವವರು ಮಾರುವವರ ಮುಂದೆ ಹಗುರವಾಗುತ್ತಾರೆ.

ಕಣ್ಣಿಗೆ ಬೀಳದ ಜಾಗಗಳು

ಅಮೆರಿಕದ ಉತ್ತರ ಕ್ಯಾರೊಲಿನಾ, ಜಾರ್ಜಿಯಾ ಮುಂತಾದ ರಾಜ್ಯಗಳಲ್ಲಿ ನೆಲೆಸಿ ಮನೆ ಕೊಂಡಿರುವ ಮಕ್ಕಳನ್ನು ನೋಡಲು ಹೋಗಿಬಂದವರಿಗೆ 'ಕ್ರಾಲ್ ಸ್ಪೇಸ್' ಎಂಬುದರ ಪರಿಚಯವಿರಬಹುದು. ಅಲ್ಲಿ ಎಷ್ಟೋ ಮನೆಗಳ ಮರದ ನೆಲಕ್ಕೂ ಕೆಳಗಿನ ಮಣ್ಣಿಗೂ ನಡುವೆ ಎರಡು ಮೂರು ಅಡಿ ಎತ್ತರದ ಟೊಳ್ಳು ಜಾಗವಿರುತ್ತದೆ. ತೆವಳಿಕೊಂಡೇ ಒಳಗೆ ಹೋಗಬೇಕು. ಮಣ್ಣಿನಿಂದ ಏಳುವ ತೇವ ಅಲ್ಲಿ ಸಂಗ್ರಹವಾಗಿ ತೊಲೆಗಳಿಗೆ ಬೂಷ್ಟು ಹಿಡಿಯುತ್ತದೆ. ಮರದ ತೇವಾಂಶ ಶೇ. 20ನ್ನು ಮೀರಿದರೆ ಶಿಲೀಂಧ್ರಕ್ಕೆ ಅನುಕೂಲ, ಶೇ. 28ರ ಆಸುಪಾಸಿಗೆ ಬಂದರೆ ಮರವೇ ಕೊಳೆಯತೊಡಗುತ್ತದೆ. ಗಾಳಿಯಾಡಲೆಂದು ಈ ಜಾಗಕ್ಕೆ ಕಿಂಡಿಗಳನ್ನು ಬಿಡುವುದು ಅಲ್ಲಿನ ಹಳೆಯ ಪದ್ಧತಿ. ಆದರೆ ಬೇಸಿಗೆಯ ಒದ್ದೆ ಗಾಳಿ ತಂಪಾದ ಟೊಳ್ಳಿನೊಳಗೆ ಹೊಕ್ಕು ನೀರಾಗುವುದನ್ನು ಕಂಡು, ಈಗ ಮಣ್ಣಿನ ಮೇಲೆ ಪಾಲಿಥೀನ್ ಹಾಳೆ ಹಾಸಿ ಕಿಂಡಿಗಳನ್ನು ಮುಚ್ಚುವ ಪದ್ಧತಿಗೆ ಅನೇಕರು ಬಂದಿದ್ದಾರೆ. ಸುರಿವ ಮಳೆಯಲ್ಲಿ ಕಿಟಕಿ ತೆರೆದಿಟ್ಟರೆ ಗೋಡೆ ಒಣಗುತ್ತದೆ ಎಂದು ನಂಬಿರುವ ನಮಗೂ ಇದರಲ್ಲಿ ತಿಳಿಯತಕ್ಕದ್ದು ಇದೆ.

ಅಲ್ಲಿನ ವ್ಯವಹಾರ ಪದ್ಧತಿಯೂ ಗಮನಾರ್ಹವಾದುದು. ಉತ್ತರ ಕ್ಯಾರೊಲಿನಾದಲ್ಲಿ ಕೊಳ್ಳುವವನು ಒಂದು ಶುಲ್ಕವನ್ನು ಮಾರುವವನಿಗೆ ಕೊಟ್ಟು ಇಂತಿಷ್ಟು ದಿನಗಳ ಪರಿಶೀಲನಾ ಅವಧಿಯನ್ನು ಪಡೆಯುತ್ತಾನೆ. ಪರವಾನಿಗೆ ಹೊಂದಿದ ತಪಾಸಣೆಗಾರನು ನೆಲದಡಿಗೆ ತೆವಳಿಹೋಗಿ ವರದಿ ಕೊಡುತ್ತಾನೆ. ವರದಿ ತೃಪ್ತಿಕರವಲ್ಲದಿದ್ದರೆ ಆ ಅವಧಿಯೊಳಗೆ ಕರಾರಿನಿಂದ ಹಿಂದೆ ಸರಿಯಬಹುದು. ಶುಲ್ಕ ಹೋಗುತ್ತದೆ, ಮನೆಯ ಬೆಲೆ ಉಳಿಯುತ್ತದೆ. ನಮ್ಮಲ್ಲಿ ಮಾರುವವರ ಕಪಾಟು ಸರಿಸಿ ಹಿಂದಿನ ಗೋಡೆ ನೋಡುವುದೇ ಸಂಕೋಚದ ವಿಷಯವಾಗಿದೆ. ಮಧ್ಯವರ್ತಿಗಳಂತೂ ಅದನ್ನು ಅವಿಶ್ವಾಸವೆಂದೇ ವ್ಯಾಖ್ಯಾನಿಸುತ್ತಾರೆ.

ನಮ್ಮ ಮನೆಗಳಲ್ಲಿ ತೆವಳುವ ಟೊಳ್ಳು ಇಲ್ಲದಿದ್ದರೂ ಕಣ್ಣಿಗೆ ಬೀಳದ ಜಾಗಗಳಿಗೆ ಕೊರತೆಯಿಲ್ಲ. ಹಂಚಿನ ಮನೆಯಲ್ಲಿ ಮಾಡಿಗೂ ಮುಚ್ಚಿಗೆಗೂ ನಡುವಿನ ಅಟ್ಟವನ್ನು ಟಾರ್ಚು ಹಿಡಿದು ನೋಡಬೇಕು. ಪಕ್ಕಾಸುಗಳ ಮೇಲೆ ಕಪ್ಪು ಕಲೆ, ಗೆದ್ದಲಿನ ಮಣ್ಣಿನ ಗೆರೆ ಅಲ್ಲಿ ಕಾಣುತ್ತವೆ. ದಾರಂದದ ಬುಡವನ್ನು ಕೀಲಿಕೈಯ ತುದಿಯಿಂದ ಒತ್ತಿ ನೋಡಬೇಕು. ಫ್ಲ್ಯಾಟುಗಳಲ್ಲಿ ಸ್ನಾನಗೃಹದ ಕೆಳಗೆ ಕೊಳವೆಗಳಿಗಾಗಿ ತಗ್ಗಿಸಿ ಕಟ್ಟಿ ಇಟ್ಟಿಗೆಚೂರು ತುಂಬಿದ ಸಂಕನ್ ಸ್ಲ್ಯಾಬ್ ಇರುತ್ತದೆ. ಸೋರಿದ ನೀರು ಅದರಲ್ಲಿ ವರ್ಷಗಟ್ಟಲೆ ನಿಂತು, ಕೊನೆಗೆ ಕೆಳಗಿನ ಮನೆಯ ಚಾವಣಿಯಲ್ಲಿ ಕಾಣಿಸಿಕೊಳ್ಳುತ್ತದೆ. ಆದುದರಿಂದ ತಾವು ಕೊಳ್ಳುವ ಫ್ಲ್ಯಾಟಿನ ಕೆಳಗಿನ ಮನೆಯವರನ್ನೂ ಒಮ್ಮೆ ವಿಚಾರಿಸತಕ್ಕದ್ದು. ಗುಡ್ಡವನ್ನು ಕಡಿದು ಕಟ್ಟಿದ ಸಮುಚ್ಚಯಗಳಲ್ಲಿ ಕೆಳಗಿನ ಮಹಡಿಯ ಹಿಂಬದಿಯ ಗೋಡೆ ಧರೆಗೆ ತಾಗಿಕೊಂಡಿರುತ್ತದೆ. ಆ ಮಹಡಿಯ ಬೆಲೆ ಮೇಲಿನವುಗಳಿಗಿಂತ ಕಡಿಮೆ ಇದ್ದರೆ ಕಾರಣ ವಿಚಾರಿಸಬೇಕು.

ಮರೆಮಾಚಿದ್ದರ ಗುರುತುಗಳೂ ಇವೆ. ಹಜಾರದ ಗೋಡೆಯ ಕೆಳಗಿನ ಮೂರು ಅಡಿಗೆ ಮಾತ್ರ ಟೈಲ್ಸ್ ಅಥವಾ ಮರದ ಹಲಗೆ, ಒಂದೇ ಗೋಡೆಗೆ ಹೊಸ ಬಣ್ಣ, ಗೋಡೆಗೆ ಒತ್ತಿಕೊಂಡು ನಿಂತ ದೊಡ್ಡ ಕಪಾಟು, ಸ್ವಿಚ್ ಪೆಟ್ಟಿಗೆಯ ತುಕ್ಕು ಹಿಡಿದ ಸ್ಕ್ರೂಗಳು, ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವ ಗಂಧದಕಡ್ಡಿಯ ಘಾಟು. ಸಂಶಯವಿದ್ದಲ್ಲಿ ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಬದಿ ಗಾಳಿಯಾಡದಂತೆ ಅಂಟಿಸಿ ಒಂದು ದಿನ ಬಿಡಬೇಕು. ಹಾಳೆಯ ಅಡಿಯಲ್ಲಿ ಹನಿ ಕೂಡಿದರೆ ತೇವ ನೆಲದ್ದು. ಮೇಲ್ಭಾಗದಲ್ಲಿ ಕೂಡಿದರೆ ಗಾಳಿಯದ್ದು. ಸ್ನಾನಗೃಹಕ್ಕೆ ಬಚ್ಚಲಿನ ತೂತು ಮುಚ್ಚಿ ಎರಡು ದಿನ ನೀರು ನಿಲ್ಲಿಸಿ ಕೆಳಗಿನ ಚಾವಣಿಯನ್ನು ನೋಡುವ ಪರೀಕ್ಷೆಯಿದೆ. ತೇವಮಾಪಕವೆಂಬ ಸಣ್ಣ ಉಪಕರಣವೂ ದೊರೆಯುತ್ತದೆ. ಆದರೆ ಲವಣ ತುಂಬಿದ ಗೋಡೆಯಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೇವವನ್ನು ತೋರಿಸುವುದುಂಟು. ಉಪಕರಣಕ್ಕಿಂತ ಅನುಭವಿ ಸಿವಿಲ್ ಇಂಜಿನಿಯರರಿಗೆ ಕೊಡುವ ಸಂಭಾವನೆ ಹೆಚ್ಚು ಸದುಪಯೋಗ.

ನನ್ನ ವೃತ್ತಿಗೆ ಸಂಬಂಧಿಸಿದ ಒಂದು ಪರೀಕ್ಷೆಯೂ ಇದೆ. ಫ್ಲ್ಯಾಟ್ ಆದರೆ ನಿವಾಸಿಗಳ ಸಂಘದ ಮೂರು ವರ್ಷದ ಲೆಕ್ಕಪತ್ರ ಮತ್ತು ಸಭಾ ನಡವಳಿಯನ್ನು ಕೇಳಿ ಪಡೆಯಿರಿ. ತಾರಸಿಯ ವಾಟರ್‌ಪ್ರೂಫಿಂಗ್ ಎಂಬ ವೆಚ್ಚ ವರ್ಷವರ್ಷವೂ ಬಂದಿದ್ದರೆ ಸೋರಿಕೆ ನಿಂತಿಲ್ಲವೆಂದೇ ಅರ್ಥ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಗೆ ಒಳಪಟ್ಟ ಕಟ್ಟಡವಾಗಿದ್ದರೆ, ಮಾರುವವರು ಬಾಕಿ ಉಳಿಸಿದ ಸಾಮಾನ್ಯ ವೆಚ್ಚಕ್ಕೆ ಕೊಳ್ಳುವವರೂ ಜಂಟಿಯಾಗಿ ಹೊಣೆಗಾರರಾಗುತ್ತಾರೆ ಎಂಬುದನ್ನೂ ನೆನಪಿನಲ್ಲಿಡಬೇಕು.

ಕಾನೂನಿನ ರಕ್ಷಣೆ ಎಷ್ಟು?

1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಮಿನ ಪ್ರಕಾರ, ತನಗೆ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದ, ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಆತನಿಗೆ ಗೋಚರಿಸದ ಮುಖ್ಯ ದೋಷವನ್ನು ಮಾರುವವನು ತಿಳಿಸಬೇಕು; ತಿಳಿಸದಿರುವುದು ವಂಚನೆಯೆನಿಸುತ್ತದೆ. ಓದಲು ಧೈರ್ಯ ಕೊಡುವ ಮಾತು. ಆದರೆ ಇದರೊಳಗೆ ಮೂರು ತೊಡಕುಗಳಿವೆ. ಮಾರುವವನಿಗೆ ದೋಷ ತಿಳಿದಿತ್ತೆಂಬುದನ್ನು ಕೊಳ್ಳುವವನೇ ರುಜುವಾತುಪಡಿಸಬೇಕು. ಸಾಧಾರಣ ಎಚ್ಚರಿಕೆಯಿಂದ ಕಾಣುವಂಥದಾಗಿದ್ದರೆ ದೂರಿಗೆ ಆಸ್ಪದವಿಲ್ಲ. ಇವೆಲ್ಲಕ್ಕೂ ಮಿಗಿಲಾಗಿ, ವಿರುದ್ಧವಾದ ಕರಾರು ಇಲ್ಲದಿದ್ದರೆ ಮಾತ್ರ ಈ ಕಲಮಿನ ಅನ್ವಯ.

ಈ ಮೂರನೆಯ ತೊಡಕೇ ಬಹುಮಂದಿಯನ್ನು ಕೆಡವುವುದು. ನನ್ನ ಕಚೇರಿಗೆ ಲೆಕ್ಕಪತ್ರಕ್ಕಾಗಿ ಬರುವ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ನಿವೃತ್ತಿ ಹಣದಿಂದ ಏಪ್ರಿಲ್‌ನಲ್ಲಿ ನೆಲಮಹಡಿಯ ಮನೆಯೊಂದನ್ನು ಕೊಂಡರು. ಜೂನ್ ಕೊನೆಯ ವಾರದಲ್ಲಿ ಮಲಗುವ ಕೋಣೆಯ ಗೋಡೆ ಸೊಂಟದೆತ್ತರಕ್ಕೆ ಕಪ್ಪಾಯಿತು. ಉಬ್ಬಸದ ತೊಂದರೆಯಿದ್ದ ಅವರ ಪತ್ನಿ ಆ ಮಳೆಗಾಲವನ್ನು ಮಗಳ ಮನೆಯಲ್ಲಿ ಕಳೆಯಬೇಕಾಯಿತು. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಉಸಿರಾಟದ ತೊಂದರೆ ಹಾಗೂ ಆಸ್ತಮಾ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿಯೇ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಮಾರಿದವರನ್ನು ಕೇಳಲಾಗಿ ಅವರು ಕ್ರಯಪತ್ರದ ಒಂದು ವಾಕ್ಯವನ್ನು ತೋರಿಸಿದರು: ಖರೀದಿದಾರರು ಸದರಿ ಸ್ವತ್ತನ್ನು ಖುದ್ದು ಪರಿಶೀಲಿಸಿ, ಇದ್ದ ಸ್ಥಿತಿಯಲ್ಲಿ ಒಪ್ಪಿ, ತೃಪ್ತರಾಗಿ ಕ್ರಯಕ್ಕೆ ಪಡೆದಿರುತ್ತಾರೆ. ಪತ್ರ ಬರಹಗಾರರು ಎಲ್ಲ ಕ್ರಯಪತ್ರಗಳಲ್ಲಿಯೂ ಅಭ್ಯಾಸಬಲದಿಂದ ಸೇರಿಸುವ ವಾಕ್ಯವಿದು. ಸಹಿ ಮಾಡುವಾಗ ಅದನ್ನು ಯಾರೂ ಓದುವುದಿಲ್ಲ. ಆ ದಂಪತಿಗಳು ವ್ಯಾಜ್ಯಕ್ಕೆ ಹೋಗಲಿಲ್ಲ. ನಿಶ್ಚಿತ ಠೇವಣಿಯೊಂದನ್ನು ಅವಧಿಗೆ ಮುನ್ನ ಮುರಿದು ದುರಸ್ತಿ ಮಾಡಿಸಿಕೊಂಡರು.

ಹೊಸ ಸಮುಚ್ಚಯಗಳನ್ನು ಕೊಳ್ಳುವವರ ಸ್ಥಿತಿ ಇದಕ್ಕಿಂತ ಉತ್ತಮ. 2016ರ ರಿಯಲ್ ಎಸ್ಟೇಟ್ ಕಾಯಿದೆಯ 14ನೇ ಕಲಂ, 3ನೇ ಉಪಕಲಮಿನ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷಗಳೊಳಗೆ ಗಮನಕ್ಕೆ ತಂದ ರಚನಾತ್ಮಕ ದೋಷವನ್ನಾಗಲಿ, ಕಾಮಗಾರಿ ಹಾಗೂ ಗುಣಮಟ್ಟದ ದೋಷವನ್ನಾಗಲಿ ನಿರ್ಮಾಪಕರು 30 ದಿನಗಳೊಳಗೆ ಉಚಿತವಾಗಿ ಸರಿಪಡಿಸಬೇಕು. ತಪ್ಪಿದಲ್ಲಿ ಪರಿಹಾರ ಕೊಡಬೇಕು. ಮೊದಲ ಖರೀದಿದಾರರಿಂದ ಎರಡನೆಯವರಾಗಿ ಕೊಳ್ಳುವವರೂ ಈ ಕಾಯಿದೆಯ ಹಂಚಿಕೆದಾರರ ವ್ಯಾಖ್ಯೆಯಲ್ಲಿ ಸೇರುತ್ತಾರೆ. ಆದರೆ ಅವಧಿಯ ಎಣಿಕೆ ಮೊದಲ ಸ್ವಾಧೀನದಿಂದಲೇ. ಆದ್ದರಿಂದ ಸ್ವಾಧೀನ ಪತ್ರದ ದಿನಾಂಕವನ್ನು ನೋಡಿ ಎಷ್ಟು ಮಳೆಗಾಲ ಉಳಿದಿದೆಯೆಂದು ಲೆಕ್ಕ ಹಾಕಬೇಕು. ಭೂಮಿ 500 ಚದರ ಮೀಟರ್ ಮೀರದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿಲ್ಲದ ಯೋಜನೆಗಳಿಗೆ ನೋಂದಣಿ ಕಡ್ಡಾಯವಲ್ಲ. ನಮ್ಮ ಸಣ್ಣ ಪಟ್ಟಣಗಳಲ್ಲಿ ಇಂಥವೇ ಹೆಚ್ಚು.

ಬ್ಯಾಂಕಿನವರು ಇಂಜಿನಿಯರರನ್ನು ಕಳುಹಿಸಿದ್ದಾರಲ್ಲ ಎಂದು ಕೆಲವರು ನೆಮ್ಮದಿಪಡುತ್ತಾರೆ. ಆ ಮೌಲ್ಯಮಾಪಕರು ನೋಡುವುದು ಸಾಲಕ್ಕೆ ಭದ್ರತೆ ಸಾಕೇ ಎಂಬುದನ್ನು. ತಮ್ಮ ಮಲಗುವ ಕೋಣೆಯ ಗೋಡೆಯನ್ನಲ್ಲ. ಮನೆ ವಿಮೆಯಾದರೂ ಪ್ರವಾಹ, ಬಿರುಗಾಳಿ, ಒಡೆದ ಟ್ಯಾಂಕು ಮುಂತಾದ ಹಠಾತ್ ಘಟನೆಗಳಿಗೆ. ವರ್ಷಗಟ್ಟಲೆ ಮೆಲ್ಲನೆ ಏರುವ ತೇವಕ್ಕಲ್ಲ.

ರಿಯಾಯಿತಿಯ ಲೆಕ್ಕ

ದೋಷವನ್ನು ಕರಾರಿಗೆ ಮುನ್ನವೇ ಕಂಡುಕೊಂಡೆವೆನ್ನೋಣ. ಬೆಲೆ ಇಳಿಸಿಕೊಂಡರಾಯಿತು ಎಂಬುದು ಮೊದಲು ಹೊಳೆಯುವ ಪರಿಹಾರ. ಇಲ್ಲಿ ತೆರಿಗೆಯ ಒಂದು ಸುಳಿಯಿದೆ. ಇದನ್ನು ಅಂಕಿಗಳಲ್ಲಿಯೇ ನೋಡುವುದು ಲೇಸು.

ಉದಾಹರಣೆಗೆ, ಒಂದು ಮನೆಗೆ 80 ಲಕ್ಷ ರೂ. ಬೆಲೆ ಹೇಳಿದ್ದಾರೆ. ತೇವ ನಿವಾರಣೆಗೆ ಜಿಎಸ್‌ಟಿ ಸಹಿತ ಅಂದಾಜು 4,50,000 ರೂ.; ಕೆಲಸ ಮುಗಿದು ಗೋಡೆ ಒಣಗುವವರೆಗೆ ಮೂರು ತಿಂಗಳು ಬೇರೆಡೆ ಬಾಡಿಗೆ 60,000 ರೂ.; ಗೋಡೆ ಒಡೆದ ಮೇಲೆ ತಿಳಿಯುವ ಹೆಚ್ಚುವರಿ ಕೆಲಸಕ್ಕೆ ಅಂದಾಜಿನ ಶೇ. 15ರಂತೆ 67,500 ರೂ. ಒಟ್ಟು 5,77,500 ರೂ. ಅಷ್ಟನ್ನೂ ಇಳಿಸಿದರೆ ಕ್ರಯದ ಮೊತ್ತ 74,22,500 ರೂ. ಆಗುತ್ತದೆ.

ಈಗ ಆ ಮನೆಯ ಸರಕಾರಿ ಮಾರ್ಗಸೂಚಿ ಬೆಲೆ 84 ಲಕ್ಷ ರೂ. ಎಂದಿಟ್ಟುಕೊಳ್ಳಿ. ಮುದ್ರಾಂಕ ಶುಲ್ಕವು ಮೇಲ್ತೆರಿಗೆ ಮತ್ತು ಉಪಕರ ಸೇರಿ ನಗರ ಪ್ರದೇಶದಲ್ಲಿ ಶೇ. 5.6, ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿಸಲಾಗಿದೆ. ಇವೆರಡನ್ನೂ 84 ಲಕ್ಷದ ಮೇಲೆಯೇ ಕೊಡಬೇಕಾಗುವುದರಿಂದ ಬೆಲೆ ಇಳಿಸಿದ್ದರಿಂದ ಇದರಲ್ಲಿ ಒಂದು ರೂಪಾಯಿಯೂ ಉಳಿಯದು. ಅದಿರಲಿ. ಮಾರ್ಗಸೂಚಿ ಬೆಲೆಗೂ ಕ್ರಯದ ಮೊತ್ತಕ್ಕೂ ಇರುವ ಅಂತರವು 50,000 ರೂ. ಅಥವಾ ಕ್ರಯದ ಶೇ. 10, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಮೀರಿದರೆ, ಅಂತರ ಪೂರ್ತಿಯನ್ನೂ ಕೊಳ್ಳುವವರ ಇತರ ಮೂಲದ ಆದಾಯವೆಂದು ಪರಿಗಣಿಸಲಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಅಂತರ 9,77,500 ರೂ.; ಕ್ರಯದ ಶೇ. 10 ಎಂದರೆ 7,42,250 ರೂ. ಮಿತಿ ಮೀರಿತು. ಶೇ. 30ರ ಹಂತದಲ್ಲಿರುವವರಿಗೆ ಉಪಕರ ಸಹಿತ 3,04,980 ರೂ. ತೆರಿಗೆ. ಪಡೆದ ರಿಯಾಯಿತಿಯ ಅರ್ಧಕ್ಕೂ ಹೆಚ್ಚು ಸರಕಾರಕ್ಕೆ ಹೋಯಿತು! ಮಾರಿದವರಿಗೂ 84 ಲಕ್ಷವೇ ಮಾರಾಟದ ಮೊತ್ತವೆಂದು ಬಂಡವಾಳ ಲಾಭದ ಲೆಕ್ಕ ಹಾಕಲಾಗುತ್ತದೆ. ಮೂಲ ಬೆಲೆಯಾದ 80 ಲಕ್ಷಕ್ಕೇ ಕೊಂಡಿದ್ದರೆ ಅಂತರ 4 ಲಕ್ಷ ಮಾತ್ರ. ತೆರಿಗೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. 1961ರ ಕಾಯಿದೆಯಲ್ಲಿದ್ದ ಈ ತತ್ತ್ವವು 2025ರ ಆದಾಯ ತೆರಿಗೆ ಕಾಯಿದೆಯಲ್ಲಿಯೂ ಮುಂದುವರಿದಿದೆ.

ಹಾಗಾದರೆ ಮಾಡಬೇಕಾದುದೇನು? ಮೇಲಿನ ಉದಾಹರಣೆಯಲ್ಲಿ ಕ್ರಯವನ್ನು 76,40,000 ರೂ.ವರೆಗೆ ಇಳಿಸಬಹುದು. ಆಗ ಅಂತರ 7,60,000 ರೂ.; ಮಿತಿ 7,64,000 ರೂ. ಉಳಿದ 2,17,500 ರೂ. ಬೆಲೆಯ ಕೆಲಸವನ್ನು ನೋಂದಣಿಗೆ ಮುನ್ನ ಮಾರುವವರೇ ತಮ್ಮ ಖರ್ಚಿನಲ್ಲಿ, ತಮ್ಮ ಇಂಜಿನಿಯರರ ಮೇಲುಸ್ತುವಾರಿಯಲ್ಲಿ ಮಾಡಿಸಿಕೊಡಬೇಕೆಂದು ಕರಾರಿನಲ್ಲಿ ಬರೆಸಿಕೊಳ್ಳಬೇಕು. ದೋಷದಿಂದಾಗಿ ನಿಜವಾದ ಮೌಲ್ಯವೇ ಮಾರ್ಗಸೂಚಿಗಿಂತ ಕಡಿಮೆಯೆಂದು ತಕರಾರು ಎತ್ತಿ, ಇಲಾಖೆಯ ಮೌಲ್ಯಮಾಪನಾಧಿಕಾರಿಗೆ ಒಪ್ಪಿಸುವಂತೆ ಕೇಳುವ ಅವಕಾಶವೂ ಇದೆ. ಅಂಥ ಸಂದರ್ಭದಲ್ಲಿ ಕರಾರಿಗೆ ಮೊದಲಿನ ದಿನಾಂಕದ ಇಂಜಿನಿಯರರ ವರದಿ ಮತ್ತು ಛಾಯಾಚಿತ್ರಗಳೇ ಆಧಾರ. ದುರಸ್ತಿಯಾದ ಮೇಲೆ ತೆಗೆಸಿದ ವರದಿಗೆ ಬೆಲೆಯಿಲ್ಲ.

ಮಳೆಗಾಲ ಕಳೆಯುವವರೆಗೆ ನೋಂದಣಿಯನ್ನು ಮುಂದೂಡುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಈ ನಡುವೆ ಮಾರ್ಗಸೂಚಿ ದರ ಏರಿದರೆ ಮುದ್ರಾಂಕ ಶುಲ್ಕ ಹೊಸ ದರಕ್ಕೇ. ಆದರೆ ಆದಾಯ ತೆರಿಗೆಗೆ ಕರಾರಿನ ದಿನದ ದರವನ್ನು ಹಿಡಿಯಬಹುದು. ಇದಕ್ಕೆ ಕ್ರಯದ ಒಂದು ಭಾಗವನ್ನು ಆ ದಿನ ಅಥವಾ ಅದಕ್ಕೆ ಮೊದಲು ಬ್ಯಾಂಕಿನ ಮೂಲಕ ಪಾವತಿಸಿರಬೇಕು. ನಗದಿನಲ್ಲಿ ಕೊಟ್ಟ ಮುಂಗಡಕ್ಕೆ ಈ ಅನುಕೂಲವಿಲ್ಲ.

ಕರಾರಿನಲ್ಲಿ ಮಾರುವವರ ಹೇಳಿಕೆಯೊಂದು ಇರಲೇಬೇಕು: ಕಳೆದ ಮೂರು ಮಳೆಗಾಲಗಳಲ್ಲಿ ಮನೆಯಲ್ಲಿ ಎಲ್ಲೆಲ್ಲಿ ತೇವ ಅಥವಾ ಸೋರಿಕೆ ಕಂಡಿತ್ತು, ಅದಕ್ಕೆ ಏನು ಕ್ರಮ ಕೈಗೊಂಡರು ಎಂಬುದು. ಇದನ್ನು ಬರೆದುಕೊಡಲು ಹಿಂಜರಿಯುವವರ ಹಿಂಜರಿಕೆಯೇ ಒಂದು ಉತ್ತರ. ಅಭ್ಯಾಸಬಲದ ಆ 'ತೃಪ್ತರಾಗಿ' ಎಂಬ ವಾಕ್ಯವನ್ನು, ಈ ಹೇಳಿಕೆಯನ್ನು ನಂಬಿ ಎಂದು ತಿದ್ದಿಸಬೇಕು.

ದುರಸ್ತಿಯ ಕ್ರಮ ಮತ್ತು ಅದರ ಲೆಕ್ಕಪತ್ರ

ದುರಸ್ತಿಯಲ್ಲಿ ಹಣ ಪೋಲಾಗುವುದು ಕೆಲಸದ ಸರದಿ ತಪ್ಪಿದಾಗ. ಬೂಷ್ಟಿನ ಮೇಲೆ ಬಣ್ಣ ಬಳಿಯುವುದು ಕೇವಲ ಮುಂದಿನ ಜೂನ್‌ವರೆಗಿನ ಸಮಾಧಾನ. ಮೊದಲು ನೀರಿನ ಮೂಲವನ್ನು ನಿಲ್ಲಿಸಬೇಕು: ಮಾಡಿನ ದಂಬೆ, ಅಂಗಳದ ಇಳಿಜಾರು, ಗೋಡೆಗೆ ತಾಗಿದ ಮಣ್ಣು, ಚರಂಡಿ, ಕೊಳವೆ. ಎಷ್ಟೋ ಮನೆಗಳಲ್ಲಿ ಗೋಡೆಯ ಬುಡದ ಮಣ್ಣು ತೆಗೆದು ತೋಡಿಗೆ ನೀರು ಹರಿಯುವಂತೆ ಮಾಡಿದರೆ ಅರ್ಧ ಕೆಲಸ ಮುಗಿಯುತ್ತದೆ. ಇದರ ಖರ್ಚು ರಾಸಾಯನಿಕಗಳ ಖರ್ಚಿಗಿಂತ ಬಹಳ ಕಡಿಮೆ. ಅದಾದ ಮೇಲೆ ಅಗತ್ಯವಿದ್ದರೆ ಗೋಡೆಯ ಬುಡದಲ್ಲಿ ರಂಧ್ರ ಕೊರೆದು ನೀರು ತಡೆಯುವ ದ್ರಾವಣವನ್ನು ತುಂಬಿಸುವುದು. ಲವಣ ಹಿಡಿದ ಸಾರಣೆಯನ್ನು ಕಲೆಗಿಂತ ಒಂದಡಿ ಮೇಲಿನವರೆಗೂ ಕಿತ್ತು ಹಾಕುವುದು. ಗೋಡೆ ಒಣಗಲು ಬಿಡುವುದು. ಕೊನೆಗೆ ಹೊಸ ಸಾರಣೆ. ಒಣಗಲು ಬಿಡುವ ಆ ತಿಂಗಳುಗಳನ್ನು ಯಾರೂ ಬಿಡುವುದಿಲ್ಲ, ಗೃಹಪ್ರವೇಶದ ದಿನ ಗೊತ್ತಾಗಿರುತ್ತದೆ. ಸಣ್ಣ ಜಾಗದ ಬೂಷ್ಟನ್ನು ಮೂಗಿಗೆ ಮಾಸ್ಕ್ ಧರಿಸಿ ಸಾಬೂನು ನೀರಿನ ಬಟ್ಟೆಯಿಂದ ಒರೆಸಬೇಕೇ ವಿನಾ ಒಣಗಿದ್ದಾಗ ಕೆರೆಯಬಾರದು. ಕೆರೆದರೆ ಅದರ ಕಣಗಳು ಮನೆಯಿಡೀ ಹರಡುತ್ತವೆ.

ಗುತ್ತಿಗೆದಾರರು ಹತ್ತು ವರ್ಷದ ಗ್ಯಾರಂಟಿ ಕೊಡುವುದುಂಟು. ಅದರ ಬದಲು ಬಿಲ್ಲಿನ ಶೇ. 10ರಷ್ಟನ್ನು ಮುಂದಿನ ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವ ಷರತ್ತು ಹೆಚ್ಚು ಫಲಕಾರಿ ಎಂಬುದು ನನ್ನ ಅಭಿಪ್ರಾಯ.

ಈ ಖರ್ಚಿಗೆ ಆದಾಯ ತೆರಿಗೆಯಲ್ಲಿ ಸಿಗುವುದು ಅಲ್ಪ. ಬಾಡಿಗೆಗೆ ಕೊಟ್ಟ ಮನೆಗೆ ವಾರ್ಷಿಕ ಮೌಲ್ಯದ ಶೇ. 30ರ ಕಡಿತವಿದೆ, ನಿಜವಾದ ದುರಸ್ತಿ ಅದನ್ನು ಮೀರಿದರೂ ಹೆಚ್ಚು ಸಿಗದು. ಸ್ವಂತ ವಾಸದ ಮನೆಯ ದುರಸ್ತಿ ಸಾಲದ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ 30,000 ರೂ. ಮಿತಿ, ಹೊಸ ಪದ್ಧತಿಯಲ್ಲಿ ಅದೂ ಇಲ್ಲ. ಮುಂದೆ ಮನೆ ಮಾರುವಾಗ ಸಾಮಾನ್ಯ ದುರಸ್ತಿಯನ್ನು ಕಳೆಯಲಾಗದು. ಹೊಸ ಮಾಡು, ಹೊಸ ಚರಂಡಿ ವ್ಯವಸ್ಥೆ ಮುಂತಾದ ಬಂಡವಾಳ ಸ್ವರೂಪದ ಸುಧಾರಣೆಯನ್ನು ಮಾತ್ರ ಕಳೆಯಬಹುದು. 2024ರ ಜುಲೈ 23ರಂದು ಅಥವಾ ನಂತರ ಕೊಂಡ ಮನೆಗೆ ಹಣದುಬ್ಬರದ ಸೂಚ್ಯಂಕದ ಲಾಭವೂ ಇಲ್ಲದ್ದರಿಂದ ಆ ಸುಧಾರಣೆ ಖರ್ಚಾದಷ್ಟೇ ಮೊತ್ತಕ್ಕೆ ಲೆಕ್ಕವಾಗುತ್ತದೆ.

ಗೋದಾಮು, ಅಂಗಡಿ, ಕಚೇರಿ ಕೊಳ್ಳುವ ಸದಸ್ಯರಿಗೆ ಒಂದು ವ್ಯತ್ಯಾಸವಿದೆ. ವ್ಯಾಪಾರದ ಕಟ್ಟಡದ ದುರಸ್ತಿಯನ್ನು ಆ ವರ್ಷದ ವೆಚ್ಚವೆಂದು ಲಾಭ-ನಷ್ಟ ಖಾತೆಗೆ ಒಯ್ದಿದ್ದರೆ ಅದರ ಮೇಲಿನ ಜಿಎಸ್‌ಟಿ ಹುಟ್ಟುವಳಿ ತೆರಿಗೆಯ ಜಮೆ ದೊರೆಯುತ್ತದೆ. ಕಟ್ಟಡದ ಬೆಲೆಗೆ ಸೇರಿಸಿ ಬಂಡವಾಳವಾಗಿ ತೋರಿಸಿದ ಮಟ್ಟಿಗೆ ದೊರೆಯುವುದಿಲ್ಲ. ಆದುದರಿಂದ ಗುತ್ತಿಗೆದಾರರಿಂದ ಒಟ್ಟು ಮೊತ್ತದ ಒಂದೇ ಬಿಲ್ಲನ್ನು ಪಡೆಯದೆ, ದುರಸ್ತಿ ಕೆಲಸಕ್ಕೂ ಹೊಸ ನಿರ್ಮಾಣಕ್ಕೂ ಪ್ರತ್ಯೇಕ ಬಿಲ್ಲು ಕೇಳಿ ಪಡೆಯತಕ್ಕದ್ದು. ಹಾರ್ಡ್‌ವೇರ್ ಅಂಗಡಿಗಳ ಥರ್ಮಲ್ ಕಾಗದದ ರಸೀದಿಗಳು ಒಂದೆರಡು ಮಳೆಗಾಲದಲ್ಲಿ ಅಳಿಸಿಹೋಗುವುದರಿಂದ ಕೂಡಲೇ ಅವುಗಳ ನಕಲು ತೆಗೆಸಿ, ಇಂಜಿನಿಯರರ ವರದಿಯೊಡನೆ ಕ್ರಯಪತ್ರದ ಕಡತದಲ್ಲಿ ಸೇರಿಸಿಡಬೇಕು.